ಕಾದಿಟ್ಟ ಜಾಗ

ಆಫೀಸಿನಲ್ಲಿ ಅವನನ್ನು ಜಿಪುಣಪ್ಪ ಎಂದು ಕರೆಯುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವನು ಅದನ್ನೇ ಬಿರುದು ಎಂದುಕೊಂಡು ಮೆರೆದ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಪುಟ್ಟ ಯಂತ್ರವೊಂದನ್ನು ಆ ಕಂಪನಿ ಮಾಡುತ್ತಿತ್ತು. ಎಲ್ಲರ ಬಾಯಲ್ಲೂ ಅದು ಓದುಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು, ಮೇಲೆ ಬೆರಳಿಗೆ ತಿಳಿಯುವಂಥ ಉಬ್ಬು ಗುಂಡಿಗಳು, ಪಕ್ಕದಲ್ಲೊಂದು ಸ್ಪೀಕರ್. ಅದರೊಳಗೆ ಎಲ್ಲಕ್ಕಿಂತ ಕೆಳಗೆ ಕೂತು ಉಳಿದ ಪ್ರೋಗ್ರಾಮುಗಳಿಗೆ ಮೆಮೊರಿ ಹಂಚುವ ಕರ್ನೆಲ್ ಇವನ ಸುಪರ್ದಿಯಲ್ಲಿತ್ತು. ಯಾರಿಗೆ ಎಷ್ಟು ಜಾಗ, ಯಾವ ವಿಳಾಸದಿಂದ ಯಾವ ವಿಳಾಸದವರೆಗೆ, ಯಾರು ಎಲ್ಲಿ ನಿಲ್ಲಬೇಕು, ಎಲ್ಲವೂ ಇವನು ಹೇಳಿದ ಹಾಗೆ.

ವರ್ಚುವಲ್ ಮೆಮೊರಿ ಎನ್ನುವುದು ಒಂದು ಥರದ ಸಾತ್ವಿಕ ಮೋಸ. ಪ್ರತಿಯೊಂದು ಪ್ರೋಗ್ರಾಮಿಗೂ ಕರ್ನೆಲ್ "ಈ ಬಯಲೆಲ್ಲ ನಿಂದೇ" ಎಂದು ಹೇಳಿರುತ್ತದೆ. ನಿಜವಾದ ಜಾಗ ಕೊಡುವುದು ಅದು ಕಾಲಿಟ್ಟಾಗ ಮಾತ್ರ, ಇಟ್ಟಷ್ಟಕ್ಕೆ ಮಾತ್ರ. ಎಲ್ಲರೂ ಒಟ್ಟಿಗೆ ಕಾಲು ಚಾಚಿದರೆ ಇರುವ ಜಾಗ ಸಾಲುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಒಂದು ಮಿತಿ. ಮಿತಿ ದಾಟಿದವರನ್ನು ಕರ್ನೆಲ್ ಒಂದು ಮಾತೂ ಆಡದೆ ಕತ್ತು ಹಿಡಿದು ಹೊರಗೆ ಹಾಕುತ್ತದೆ.

ಇಲ್ಲಿಯವರೆಗೆ ತಪ್ಪೇನಿಲ್ಲ, ಲೋಕವೆಲ್ಲ ಹೀಗೇ ಮಾಡುತ್ತದೆ. ಆದರೆ ಇವನು ಹಂಚಿಕೆ ಶುರುವಾಗುವ ಮೊದಲೇ ದೊಡ್ಡದೊಂದು ತುಂಡಿಗೆ ಬೇಲಿ ಹಾಕಿ ತನಗೆಂದು ಎತ್ತಿಟ್ಟುಕೊಂಡಿದ್ದ. ಕರ್ನೆಲ್ ಎಂದಾದರೂ ಕುಸಿದು ಬಿದ್ದರೆ ಆ ಕ್ಷಣದ ಸ್ಥಿತಿಯನ್ನು ಅಲ್ಲಿ ಹಾಗೇ ಉಳಿಸಿ, ಆಮೇಲೆ ಯಾಕೆ ಬಿತ್ತು ಎಂದು ನೋಡುವುದಕ್ಕೆ. ಪೆಟ್ಟಿಗೆ ತಯಾರಾಗುವಾಗ ಅದು ಬೇಕಿತ್ತು. ಜನರ ಮನೆಗೆ ಹೋದ ಮೇಲೆ ಅದನ್ನು ತೆಗೆದು ನೋಡುವವರೂ ಇರಲಿಲ್ಲ, ನೋಡುವ ದಾರಿಯೂ ಇರಲಿಲ್ಲ. ಆದರೂ ಇವನು ತೆಗೆಯಲಿಲ್ಲ. ತನ್ನ ಕರ್ನೆಲ್ ಒಮ್ಮೆಯೂ ಬಿದ್ದಿಲ್ಲ, ಆ ಜಾಗ ಖಾಲಿ ಇರುವುದೇ ಅದಕ್ಕೆ ಸಾಕ್ಷಿ ಎನ್ನುವ ಜಂಬ. ಉಳಿದದ್ದರಲ್ಲಿ ಎಲ್ಲರೂ ಮೈ ಕುಗ್ಗಿಸಿಕೊಂಡು ಬದುಕಬೇಕಿತ್ತು.

ಓದುವ ಪ್ರೋಗ್ರಾಮನ್ನು ಬರೆದವಳಿಗೆ ಆಫೀಸಿನಲ್ಲಿ ದನಿಯಮ್ಮ ಎಂದೇ ಹೆಸರು. ಆಕೆ ಬಾಗಿಲಲ್ಲಿ ನಿಂತು ಕೇಳಿಕೊಂಡದ್ದುಂಟು.

"ಸರ್, ಆ ಕಾದಿಟ್ಟ ಜಾಗ ಬಿಟ್ಕೊಡಿ, ನನ್ನ ಮಿತಿ ಒಂಚೂರು ಏರಿಸಿ. ಹಿಂದಕ್ಕೆ ಹೋಗೋ ಗುಂಡಿ ಒತ್ತಿದ ತಕ್ಷಣ ಓದಬೇಕು ಅಂತ, ತೆರೆದ ಪುಟ ಎಲ್ಲಾ ಹಿಡಿದಿಟ್ಕೊಳ್ತೀನಿ. ದಪ್ಪ ಪುಸ್ತಕ ಬಂದ್ರೆ ಉಸಿರು ಕಟ್ಟುತ್ತೆ."

"ನಿಮ್ಮದು ಹೊಟ್ಟೆಬಾಕ ಪ್ರೋಗ್ರಾಂ ಕಣಮ್ಮ. ಮೊದಲು ಅದಕ್ಕೆ ಪಥ್ಯ ಹಾಕಿ," ಎಂದ ಇವನು, ಸುತ್ತಲಿದ್ದವರು ನಗಲಿ ಎಂದು ಸ್ವಲ್ಪ ದನಿ ಏರಿಸಿಯೇ. ನಕ್ಕರು ಕೂಡ.

ಇನ್ನು ಪರೀಕ್ಷಿಸಿ ನೋಡುವ ಕ್ರಮವೂ ಚೆನ್ನಾಗಿತ್ತು. ಹೊಸ ಪೆಟ್ಟಿಗೆ ತಯಾರಾದಾಗಲೆಲ್ಲ ಒಂದೇ ಒಂದು ತೆಳ್ಳನೆಯ ಕಥೆಪುಸ್ತಕವನ್ನು ಹಾಕಿ ಓದಿಸುತ್ತಿದ್ದರು. ಅದು ಎಲ್ಲರಿಗೂ ಬಾಯಿಪಾಠವಾಗಿತ್ತು, ಎಲ್ಲಿ ತಪ್ಪಿದರೂ ತಕ್ಷಣ ತಿಳಿಯುತ್ತಿತ್ತು. ದಪ್ಪ ಪುಸ್ತಕವನ್ನು ಕೊನೆಯವರೆಗೆ ಕೂತು ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಅವನಿಗೊಬ್ಬಳು ಅಕ್ಕ. ಅದೇ ಊರಿನಲ್ಲಿ, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ಮದುವೆಯಾದ ಕೆಲವು ವರ್ಷಕ್ಕೆ ಅವಳ ಕಣ್ಣು ಮಂಜಾಗುತ್ತಾ ಬಂದು ಪೂರ್ತಿ ಹೋಯಿತು. ಅವಳೇನೂ ಮೂಲೆ ಹಿಡಿದು ಕೂರಲಿಲ್ಲ. ದೊಡ್ಡದೊಂದು ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ಆಪರೇಟರ್ ಆದಳು. ಅಳುತ್ತಾ ಫೋನು ಮಾಡಿದವರನ್ನು ಸಮಾಧಾನ ಮಾಡುತ್ತಲೇ ಸರಿಯಾದ ವಾರ್ಡಿಗೆ ಜೋಡಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎನ್ನುವಷ್ಟು ಹೆಸರು ತಗೊಂಡಳು. ಆ ವಿಭಾಗದ ಮೇಲ್ವಿಚಾರಕಿ ಆಗಬೇಕೆಂಬುದು ಅವಳ ಆಸೆ. ಅದಕ್ಕೊಂದು ಇಲಾಖೆಯ ಪರೀಕ್ಷೆ, ಪರೀಕ್ಷೆಗೆ ನಿಯಮಾವಳಿಯ ಒಂದು ದಪ್ಪ ಪುಸ್ತಕ. ಓದುಪೆಟ್ಟಿಗೆಯನ್ನು ತಮ್ಮ ತಂದುಕೊಟ್ಟ ದಿನ ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಕ್ಕಪಕ್ಕದವರಿಗೆಲ್ಲ "ನಮ್ಮ ಪುಟ್ಟ ಮಾಡಿದ್ದು" ಎಂದು ಹೇಳಿದ್ದಳು. ಪುಟ್ಟನಿಗೆ ಆಗಲೇ ತಲೆಯಲ್ಲಿ ನರೆ ಬಂದಿತ್ತು.

ಒಮ್ಮೆ, ಇವನು ಊಟದ ಹೊತ್ತಿನಲ್ಲಿ ಜೊತೆಯವರೊಂದಿಗೆ ಕೂತಿದ್ದಾಗ, ಅಕ್ಕ ಫೋನು ಮಾಡಿದಳು. ಕೈಯಲ್ಲಿ ತುತ್ತಿತ್ತು, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ.

"ಪುಟ್ಟಾ, ಪೆಟ್ಟಿಗೆ ಓದ್ತಾ ಓದ್ತಾ ಸುಮ್ಮನಾಗಿಬಿಡುತ್ತೆ ಕಣೋ. ಆಮೇಲೆ ನೋಡಿದ್ರೆ ಮೊದಲನೇ ಪುಟದಿಂದ ಶುರು."

"ಅಕ್ಕಾ, ಅದು ತಾನಾಗಿ ನಿಲ್ಲಲ್ಲ. ನೀನೇ ಯಾವುದೋ ಗುಂಡಿ ಒತ್ತಿರ್ತೀಯ. ಇಲ್ಲಾ ತೂಕಡಿಸಿರ್ತೀಯ. ನಿಯಮಾವಳಿ ಕೇಳಿದ್ರೆ ಯಾರಿಗೆ ನಿದ್ದೆ ಬರಲ್ಲ ಹೇಳು?"

ಮೇಜಿನ ಸುತ್ತ ನಗೆ ಎದ್ದಿತು. ಆ ಕಡೆ ಅಕ್ಕನೂ ನಕ್ಕಳು, "ಇರಬಹುದು ಬಿಡು" ಎಂದಳು. ಜನರ ದೂರು ಕೇಳುವ ವಿಭಾಗದವರು ಇಂಥದ್ದೇ ಫೋನುಗಳು ಬರುತ್ತಿವೆ, ಏನು ಉತ್ತರ ಕೊಡೋಣ ಎಂದು ಆ ದಿನಗಳಲ್ಲೇ ಇವನನ್ನು ಕೇಳಿದರು. ಗುಂಡಿಗೆ ಕೈ ತಗುಲಿರುತ್ತೆ ಅಂತ ಹೇಳಿ, ಎಂದು ಇವನು ಅಲ್ಲೇ ಕೈ ತೊಳೆದುಕೊಂಡ. ಅಕ್ಕ ಮತ್ತೆ ದೂರು ಹೇಳಲಿಲ್ಲ. ಪರೀಕ್ಷೆ ಬರೆದಳು, ನಪಾಸಾದಳು. ಪುಸ್ತಕದ ಅರ್ಧದವರೆಗಿನ ಪ್ರಶ್ನೆಗಳಿಗೆ ಪಟಪಟನೆ ಉತ್ತರ ಹೇಳಿ ಬರೆಸಿ, ಉಳಿದದ್ದಕ್ಕೆ ಬಾಯಿ ಬಿಡಲಾರದೆ ಕೂತಿದ್ದಳಂತೆ. ಇನ್ನೊಂದೇ ಅವಕಾಶ ಉಳಿದಿತ್ತು. ಅದಾದ ಮೇಲೆ ಅವಳ ವಯಸ್ಸು ಮೀರುತ್ತಿತ್ತು.

ಅರ್ಜಿ ಹಾಕಲು ಶುಕ್ರವಾರ ಕೊನೆಯ ದಿನ ಎನ್ನುವಾಗ, ಅದರ ಹಿಂದಿನ ಭಾನುವಾರ ಇವನು ಅಕ್ಕನ ಮನೆಗೆ ಹೋದ. ಬಾಗಿಲಲ್ಲೇ ಭಾವ ಪಿಸುಗುಟ್ಟಿದರು.

"ಪರೀಕ್ಷೆ ಮಾತು ಎತ್ತಬೇಡಪ್ಪ. ಈ ಸಲ ಬರೆಯಲ್ಲ ಅಂತಾಳೆ. ತಲೆ ನಿಲ್ಲಲ್ಲವಂತೆ, ಕೂತಲ್ಲೇ ನಿದ್ದೆ ಬರುತ್ತಂತೆ. ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಣ ಅಂತಿದ್ದೀನಿ."

ಅಕ್ಕ ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದಳು. ಎದುರಿನ ಗೋಡೆಯ ಕಪಾಟಿನ ಮೇಲೆ, ಎದ್ದು ನಡೆದರೇ ಸಿಗುವಷ್ಟು ದೂರದಲ್ಲಿ, ಓದುಪೆಟ್ಟಿಗೆ ರಾತ್ರಿ ಪಾಳಿಯ ನಿಯಮ ಓದುತ್ತಿತ್ತು. ಪರೀಕ್ಷೆ ಬಿಟ್ಟರೂ ಕೇಳುವುದನ್ನು ಬಿಟ್ಟಿರಲಿಲ್ಲ. ತಮ್ಮನ ಹೆಜ್ಜೆ ಗುರುತಿಸಿ "ಬಾರೋ" ಎಂದಳು. ಇವನು ಸ್ಟೂಲು ಎಳೆದುಕೊಂಡು ಕೂತ. ಯಂತ್ರ ಒಂದು ವಾಕ್ಯದ ನಡುವೆ, "ಸದರಿ ನೌಕರರು" ಎನ್ನುವಲ್ಲಿ, ನಿಂತುಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಗುವಾಗಿನ ಸಣ್ಣ ಗಂಟೆಯ ಸದ್ದು, ಅದರ ಹಿಂದೆಯೇ "ಅಧ್ಯಾಯ ಒಂದು, ಪೀಠಿಕೆ."

"ನೋಡಿದ್ಯಾ, ಮತ್ತೆ ಏನೋ ಒತ್ತಿಬಿಟ್ಟೆ," ಎಂದಳು ಅಕ್ಕ, ನಾಚಿಕೊಂಡು ನಗುತ್ತಾ.

ಅವಳ ಎರಡೂ ಕೈ ಬೀನ್ಸಿನಲ್ಲಿದ್ದವು. ಕಪಾಟಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

"ಒತ್ತಲಿಲ್ಲ ಅಂದ್ರೆ ಮಂಪರು ಹತ್ತಿರುತ್ತೆ. ಕೆಲಸ ಮಾಡ್ತಾನೇ ನಿದ್ದೆ ಹೋಗ್ತೀನಿ ಅನಿಸುತ್ತೆ ನೋಡು, ಎಂಥ ಗತಿ," ಎನ್ನುತ್ತಾ ಎದ್ದು, ಕೈ ಒರೆಸಿಕೊಂಡು, ಗೋಡೆ ಹಿಡಿದು ನಡೆದು, ಮುಂದಕ್ಕೆ ಹೋಗುವ ಗುಂಡಿಯನ್ನು ಒಂದೊಂದೇ ಪುಟ ಒತ್ತತೊಡಗಿದಳು. ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು. ದಾಟಿಸಿದ ಪುಟಗಳೂ ಮೆಮೊರಿಗೆ ಬಂದು ಕೂರುತ್ತವೆ. ಹೆಚ್ಚುಕಡಿಮೆ ಅದೇ ಪುಟಕ್ಕೆ ಬಂದಾಗ ಮಿತಿ ಮೀರುತ್ತದೆ, ಕರ್ನೆಲ್ ಮತ್ತೆ ಕತ್ತು ಹಿಡಿಯುತ್ತದೆ. ಇದು ಇವನಿಗೆ ಆಗಷ್ಟೇ ಹೊಳೆಯಿತು, ಆ ಮನೆಯಲ್ಲಿ ಇವನೊಬ್ಬನಿಗೇ. ಅಕ್ಕ ಆ ಪುಸ್ತಕದ ದ್ವಿತೀಯಾರ್ಧವನ್ನು ಈ ಜನ್ಮದಲ್ಲಿ ಕೇಳುವಂತಿರಲಿಲ್ಲ.

ಇವನ ಕಿವಿಯ ತುದಿಯವರೆಗೂ ಬಿಸಿ ಏರಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಬೇಕಾದ ಮಾತು ಬಾಯಿವರೆಗೂ ಬಂದಿತ್ತು. ಆದರೆ ನಾಚಿಕೆಗೆ ಒಂದು ಕೆಟ್ಟ ಗುಣವಿದೆ, ಅದು ಮೊದಲು ಮುಚ್ಚಿಕೊಳ್ಳುವುದನ್ನೇ ನೋಡುತ್ತದೆ. "ಪೆಟ್ಟಿಗೆ ಕೊಡು ಅಕ್ಕಾ, ಆಫೀಸಲ್ಲಿ ಹೊಸ ಸಾಫ್ಟ್‌ವೇರ್ ಹಾಕಿಸ್ಕೊಂಡು ಬರ್ತೀನಿ," ಎಂದುಬಿಟ್ಟ.

ಸೋಮವಾರ ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಕೂತು ಸರಿಮಾಡಿದ. ಬೇಲಿ ಹಾಕಿದ ಜಾಗದ ಒಂದು ಸಾಲು ಅಳಿಸಿದ, ಓದುವ ಪ್ರೋಗ್ರಾಮಿನ ಮಿತಿಯ ಅಂಕಿ ಬದಲಿಸಿದ, ಹೊಸ ಕರ್ನೆಲನ್ನು ಪೆಟ್ಟಿಗೆಗೆ ಹಾಕಿದ. ಚಹಾ ಕುಡಿದವರು ಲೋಟ ತೊಳೆದಿಡುವಷ್ಟರಲ್ಲಿ ಮುಗಿದಿತ್ತು. ಇಷ್ಟೇ ಇಷ್ಟು ಕೆಲಸ. ಅಕ್ಕನದೊಂದನ್ನೇ ಸರಿಮಾಡಿ ಯಾರಿಗೂ ಹೇಳಲಿಲ್ಲ. ದನಿಯಮ್ಮ ಎದುರು ಬಂದಾಗ ಕಂಪ್ಯೂಟರಿನ ಪರದೆಯನ್ನು ಪಕ್ಕಕ್ಕೆ ತಿರುಗಿಸಿದ.

ಆಫೀಸಿಗೆ ಹೋಗುವ ಮೊದಲು ಗುರುವಾರ ಪೆಟ್ಟಿಗೆ ವಾಪಸ್ ಕೊಟ್ಟ. "ಈಗ ಚೆನ್ನಾಗಿ ಓದುತ್ತೆ ಅಕ್ಕಾ. ನಾಳೆ ಅರ್ಜಿ ಹಾಕಿಬಿಡು."

"ಪೆಟ್ಟಿಗೆ ಮೊದಲೂ ಚೆನ್ನಾಗೇ ಇತ್ತು ಕಣೋ," ಎಂದಳು ಅಕ್ಕ. "ಕೆಟ್ಟಿರೋದು ನನ್ನ ತಲೆ. ಅದಕ್ಕೆ ಹೊಸ ಸಾಫ್ಟ್‌ವೇರ್ ಎಲ್ಲಿಂದ ತರ್ತೀಯ?"

ನಗುತ್ತಲೇ ಹೇಳಿದಳು. ಇವನೂ ಹಲ್ಲು ಕಿರಿದ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದ. ದಾರಿಯುದ್ದಕ್ಕೂ ತನ್ನನ್ನು ತಾನೇ ಹೇಡಿ ಎಂದು ಬೈದುಕೊಂಡ. ಹಿಂದಿರುಗಿ ಹೋಗಲು ಮಾತ್ರ ಕಾಲು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಂತು ಕಾಲು. ಅಕ್ಕ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು, ಭಾವ ಪೇಪರ್ ಹಿಡಿದಿದ್ದರು. ಇವನು ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ. ಬೇಲಿ ಹಾಕಿದ್ದು, ಖಾಲಿ ಜಾಗದ ಜಂಬ, ದನಿಯಮ್ಮ ಕೇಳಿದಾಗ ಕೊಡದೇ ಇದ್ದದ್ದು, ಅಡುಗೆಮನೆಯಲ್ಲಿ ಕಣ್ಣಾರೆ ನೋಡಿಯೂ ಬಾಯಿ ಹೊಲಿದುಕೊಂಡದ್ದು. ಹೇಳುತ್ತಾ ಹೇಳುತ್ತಾ ದನಿ ಇಳಿದುಹೋಯಿತು. ಭಾವ ಪೇಪರನ್ನು ಮಡಿಸಿದವರು ಮತ್ತೆ ಬಿಡಿಸಲಿಲ್ಲ.

ಅಕ್ಕ ಬಾಚಣಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಮೊದಲ ಸಲ ಫೋನ್ ಮಾಡಿದ್ನಲ್ಲ, ಆವತ್ತು ನಾನು ಗುಂಡಿ ಮುಟ್ಟಿರಲಿಲ್ಲ ಪುಟ್ಟಾ. ನಿದ್ದೇನೂ ಮಾಡಿರಲಿಲ್ಲ. ನಂಗೆ ಚೆನ್ನಾಗಿ ಗೊತ್ತಿತ್ತು. ನೀನು ಹೇಳ್ದೆ ಅಂತ ನಂಬ್ದೆ."

ಅವಳು ಬೈದಿದ್ದರೆ ಇವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಉಳಿದೋರ ಪೆಟ್ಟಿಗೆ?" ಎಂದು ಕೇಳಿದಳು.

"ಏನು?"

"ನಂದು ಸರಿಮಾಡ್ದೆ. ತಮ್ಮ ಇಲ್ಲದವರದ್ದು?"

ಇವನು ತಲೆ ತಗ್ಗಿಸಿದ. ತಗ್ಗಿಸಿದ್ದು ಅವಳಿಗೆ ಕಾಣದು, ಆದರೂ ಏನೆಂದು ತಿಳಿಯಿತು.

"ಅರ್ಜಿ ಕೊಡೋಕೆ ನಾನು ಕರ್ಕೊಂಡು ಹೋಗ್ತೀನಿ ಬಾ ಅಕ್ಕಾ," ಎಂದ.

"ಬೇಡ. ನಿಮ್ಮ ಭಾವ ಬರ್ತಾರೆ," ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ನೀನು ಆಫೀಸಿಗೆ ಹೋಗಿ ಅವರಿಗೆಲ್ಲ ಫೋನ್ ಮಾಡು. ನೀನೇ ಮಾಡು, ಬೇರೆಯವರ ಕೈಲಿ ಮಾಡಿಸಬೇಡ."

ಆಫೀಸಿನಲ್ಲಿ ಮೊದಲು ದನಿಯಮ್ಮನ ಮೇಜಿನ ಮುಂದೆ ನಿಂತು ತಪ್ಪು ನಂದು ಎಂದ. ಆಕೆ ಅವನ ಮುಖವನ್ನೇ ನೋಡಿದಳು, ಚುಚ್ಚಿ ಮಾತಾಡಬಹುದಿತ್ತು, ಆಡಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಎಲ್ಲ ಪೆಟ್ಟಿಗೆಗಳಿಗೂ ಹೋಗಬೇಕಾದ ಹೊಸ ಕರ್ನೆಲನ್ನು ಇವನ ಜೊತೆ ಸಿದ್ಧಮಾಡಿದಳು. ಈ ಸಲ ಪರೀಕ್ಷಿಸಲು ನಿಘಂಟಿನಷ್ಟು ದಪ್ಪದ ಪುಸ್ತಕವನ್ನು ಪೆಟ್ಟಿಗೆಗೆ ಓದಲು ಬಿಟ್ಟು, ಇವನು ದೂರು ಕೇಳುವ ವಿಭಾಗಕ್ಕೆ ಹೋದ. ಹಿಂದೆ ಫೋನು ಮಾಡಿದ್ದವರ ನಂಬರು ತೆಗೆಸಿ, ಅಲ್ಲಿಯ ಹೆಡ್‌ಫೋನನ್ನು ತಾನೇ ತಲೆಗೆ ಹಾಕಿಕೊಂಡ.

ಮೊದಲು ಸಿಕ್ಕವರು ವಯಸ್ಸಾದ ಗಂಡಸು. ಹಿಂದೆ ಎಲ್ಲೋ ಇತಿಹಾಸದ ಮೇಷ್ಟರಾಗಿದ್ದವರು. ಇವನು ತಾನು ಯಾರು ಎಂದು ಹೇಳಿ, ತಡವರಿಸುತ್ತಾ, ನಿಮ್ಮ ಪೆಟ್ಟಿಗೆ ನಡುವೆ ನಿಲ್ಲುತ್ತಿದ್ದದ್ದು ನನ್ನ ತಪ್ಪಿನಿಂದ, ನೀವು ಯಾವ ಗುಂಡಿಯನ್ನೂ ಒತ್ತಿರಲಿಲ್ಲ, ಗುಂಡಿಗೆ ಕೈ ತಗುಲಿರುತ್ತೆ ಅಂತ ನಾವು ಹೇಳಿದ್ದು ಸುಳ್ಳು, ಎಂದ.

ಅವರು ಮೆತ್ತಗೆ ಕೇಳಿದರು.

"ಒಂದು ನಿಮಿಷ ಇರ್ತೀರಾ? ಮಗಳನ್ನ ಕರೀತೀನಿ. ಈಗ ಹೇಳಿದ್ರಲ್ಲ, ಅದನ್ನ ಅವಳಿಗೂ ಒಂದ್ಸಲ ಹೇಳ್ತೀರಾ?"