ಮಗ್ಗ ನಿಂತರೆ ನಿಲ್ಲಬೇಕು

ಗಜೇಂದ್ರಗಡದಲ್ಲಿ ಸೀರೆ ನೇಯುವ ಕಳಕವ್ವನ ಮನೆ ಎಂದರೆ ಒಂದೇ ಉದ್ದನೆಯ ಕೋಣೆ. ಅರ್ಧದಲ್ಲಿ ಮಗ್ಗ, ಉಳಿದರ್ಧದಲ್ಲಿ ಸಂಸಾರ. ಗಂಡ ತೀರಿಕೊಂಡ ಮೇಲೆ ಆ ಸಂಸಾರವೂ ಒಂದು ತಾಟು, ಒಂದು ತಂಬಿಗೆಗೆ ಇಳಿದಿತ್ತು. ಮಾತಾಡಬೇಕೆನಿಸಿದರೆ ಮಗ್ಗದೊಂದಿಗೇ ಮಾತಾಡಬೇಕು. ಅಂಥ ಮನೆಗೆ ತಮ್ಮ ಶರತ ರೋಣದಿಂದ ತನ್ನ ತಾಯಿಯಿಲ್ಲದ ಮಗಳು ಚಿನ್ನುವನ್ನು ತಂದುಬಿಟ್ಟ. ಕೂಸಿಗೆ ಆಗಿನ್ನೂ ಮಾತು ತೊದಲುತ್ತಿತ್ತು.

ಬಂದದ್ದೇ ತಡ, ಉಳಿದರ್ಧವೆಲ್ಲ ಚಿನ್ನುವಿನದಾಯಿತು. ಗೊಂಬೆ ಒಲೆಯ ಹತ್ತಿರ, ಪಾಟಿ ಹಾಸಿಗೆಯೊಳಗೆ, ಒಂದು ಚಪ್ಪಲಿ ಇಲ್ಲಿ, ಇನ್ನೊಂದು ದೇವರಿಗೇ ಗೊತ್ತು. ಕಳಕವ್ವ ಬೈದಳು, ರಮಿಸಿದಳು, ಚಕ್ಕುಲಿಯ ಆಸೆ ತೋರಿಸಿದಳು. ಚಿನ್ನು ಚಕ್ಕುಲಿ ತಿಂದಳು. ಗೊಂಬೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೊಂದು ಸಂಜೆ, ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯನ್ನು ನೋಡುತ್ತಲೇ ಅವಳಿಗೆ ಉಪಾಯ ಹೊಳೆಯಿತು.

“ಚಿನ್ನು, ಇನ್ನ ಮ್ಯಾಲೆ ನೀನ ಲಾಳಿ. ಮಗ್ಗ ಸಪ್ಪಳ ಮಾಡೂತನಾ ಓಡಾಡಬೇಕು. ಲಾಳಿ ಎಂದಾರ ಖಾಲಿ ಓಡ್ತೈತೇನ? ಒಂದೊಂದ ಸಾಮಾನ ಒಯ್ದು ಅದರ ಜಾಗಾದಾಗ ಇಡಬೇಕು.”

“ಮಗ್ಗ ನಿಂತರ, ಅತ್ತಿ?”

“ನೀನೂ ನಿಲ್ಲಬೇಕು. ಹೆಂಗಿದ್ದಿ ಹಂಗ. ಅಲುಗಿದರ ಸೋತಿ.”

ಅಂದಿನಿಂದ ದಿನಾ ಅದೇ ಆಟ. ಕಳಕವ್ವನೂ ಕಡಿಮೆಯವಳೇನಲ್ಲ, ಬೇಕೆಂದೇ ಹೊತ್ತಲ್ಲದ ಹೊತ್ತಿನಲ್ಲಿ ಮಗ್ಗ ನಿಲ್ಲಿಸಿ ಹೊರಳಿ ನೋಡುವಳು. ತಲೆಯ ಮೇಲೆ ದಿಂಬು ಹೊತ್ತು, ಒಂಟಿಗಾಲಲ್ಲಿ, ನಗು ತಡೆಯಲು ಗಲ್ಲ ಉಬ್ಬಿಸಿಕೊಂಡು ನಿಂತ ಚಿನ್ನು! ಆ ಮುಖ ನೋಡುವ ಆಸೆಗೆ ಸೀರೆ ಮುಗಿಯುವುದು ತಡವಾಗುತ್ತಿತ್ತು. ಆದರೇನಂತೆ? ಕೋಣೆ ಚೊಕ್ಕಟವಾಗುತ್ತಿತ್ತು, ಮನೆಯಲ್ಲಿ ನಗುವಿತ್ತು.

ಚಿನ್ನು ಒಂದನೇ ಇಯತ್ತೆ ಮುಗಿಸುವ ಹೊತ್ತಿಗೆ ಶರತ ಮತ್ತೆ ಮದುವೆಯಾದ. ಹೊಸ ಹೆಂಡತಿ ಕವಿತಾ, ಮಗು ತಮ್ಮ ಹತ್ತಿರವೇ ಇರಬೇಕೆಂದಳು. ಅವಳು ಕೆಟ್ಟವಳಾಗಿದ್ದರೆ ಕಳಕವ್ವ ಜಗಳ ತೆಗೆದಾದರೂ ಕೂಸನ್ನು ಇಟ್ಟುಕೊಳ್ಳುತ್ತಿದ್ದಳು. “ಅಕ್ಕಾರ, ಕೂಸಿಗೆ ಏನೇನ ಸೇರ್ತೈತಿ ಹೇಳ್ರಿ, ಕಲೀತೀನಿ” ಎಂದು ಫೋನಿನಲ್ಲಿ ಕೇಳುವವಳ ಜೊತೆ ಎಲ್ಲಿಯ ಜಗಳ? ಬಿಟ್ಟುಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ.

ಶರತ ಕರೆದೊಯ್ಯಲು ಬಂದ ದಿನ ಕಳಕವ್ವ ಮಗ್ಗ ಮುಟ್ಟಲಿಲ್ಲ. ಅಂಗಿಗಳನ್ನು ಮಡಿಚಿ ಚೀಲಕ್ಕೆ ತುಂಬಿದಳು. ಬಸ್ಸಿನ ಹೊತ್ತಾಯಿತು. ಚಿನ್ನು ಗೊಂಬೆ ಅವುಚಿಕೊಂಡು ಹೊಸ್ತಿಲ ತನಕ ಹೋದವಳು ಒಂದು ಕಾಲೆತ್ತಿ ಹಾಗೇ ನಿಂತುಬಿಟ್ಟಳು.

“ಲಗೂ ನಡಿ, ಬಸ್ ಹೋಗ್ತೈತಿ” ಎಂದ ಶರತ.

“ಮಗ್ಗ ನಿಂತೈತಲ್ಲ ಅಪ್ಪಾ. ಹ್ಯಾಂಗ ಬರ್ಲಿ?”

ಶರತನಿಗೆ ಏನೊಂದೂ ತಿಳಿಯಲಿಲ್ಲ. ಕಳಕವ್ವನಿಗೆ ತಿಳಿಯಿತು. ಅವಳು ಸುಮ್ಮನಿದ್ದರೆ ಸಾಕಿತ್ತು. ಈ ಹಟಮಾರಿ ಅಲುಗುವವಳಲ್ಲ. ಬಸ್ಸು ತಪ್ಪಿದರೆ ಇನ್ನೊಂದಿಷ್ಟು ಹೊತ್ತಾದರೂ ಸಿಗುತ್ತಿತ್ತು. ಆದರೆ ಎತ್ತಿದ ಕಾಲು ನಡುಗತೊಡಗಿತ್ತು. ಗಲ್ಲ ಉಬ್ಬಿತ್ತು. ಈ ಸಲ ಮಗು ತಡೆಯುತ್ತಿದ್ದದ್ದು ನಗುವನ್ನಲ್ಲ.

ಕಳಕವ್ವ ಹೋಗಿ ಬಾಗಿಲಿಗೆ ಬೆನ್ನು ಮಾಡಿ ಮಗ್ಗಕ್ಕೆ ಕೂತಳು.

“ಓಡು, ನನ್ನವ್ವಾ” ಎಂದು ಲಾಳಿಯ ಹಗ್ಗ ಎಳೆದಳು.

ಖಟಕ್, ಖಟಕ್. ಹಿಂದೆ ಪುಟ್ಟ ಕಾಲುಗಳು ಹೊಸ್ತಿಲು ದಾಟಿ ಓಣಿಗೆ ಇಳಿದವು. ಈಗ ನಿಲ್ಲಿಸಿದರೆ ಕೂಸು ನಡುದಾರಿಯಲ್ಲೇ ನಿಂತೀತು ಎಂದು ಅವಳು ಕೈಬಿಡಲಿಲ್ಲ. ಬಸ್ಸು ಊರು ದಾಟಿರಬೇಕು. ರೋಣವೂ ಬಂದಿರಬೇಕು. ಅವಳು ಹೊರಳಿ ನೋಡದೆ ನೇಯುತ್ತಲೇ ಇದ್ದಳು.

ಸಪ್ಪಳ ನಿಲ್ಲದ್ದನ್ನು ಕೇಳಿ ಪಕ್ಕದ ಮನೆಯ ಸೈರಾಬಾನು ಒಳಗೆ ಬಂದಳು. ಮಗ್ಗದತ್ತ ಬಾಗಿ ನೋಡಿ, ಮೆಲ್ಲಗೆ ಕಳಕವ್ವನ ಕೈ ಹಿಡಿದಳು.

“ನೂಲು ಯಾವಾಗೋ ಮುಗದೈತಿ, ಕಳಕವ್ವಾ. ಲಾಳಿ ಖಾಲಿನ ಓಡಾಕತ್ತೈತಿ.”