ಅಕ್ಕನ ತಲೆಯ ಮೇಲೆ ಇಟ್ಟ ಕೈ

ನಾನು ಚಿಕ್ಕವಳಿದ್ದಾಗ ಒಂದು ಶುಕ್ರವಾರ ನನ್ನ ಸ್ವಂತ ಅಕ್ಕನನ್ನು ಸೈತಾನನೆಂದು ಕರೆದೆ. ಏನು ಹಾಗೆ ಬಾಯಿ ಬಿಟ್ಟುಕೊಂಡು ನೋಡುತ್ತೀರಿ, ಮಕ್ಕಳೇ? ನಿಮ್ಮ ಅಜ್ಜಿ ಅಷ್ಟೇನೂ ಒಳ್ಳೆಯ ಹುಡುಗಿಯಾಗಿರಲಿಲ್ಲ. ಆ ದಿನವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ನನ್ನಿಂದ ಹಾಗೆ ಕರೆಸಿದವರ ಮೇಲೂ ಇದೆ, ನನ್ನ ಮೇಲೂ ಇದೆ.

ಆಗ ವೈಟ್‌ಫೀಲ್ಡ್‌ನಲ್ಲಿ ನಮ್ಮದು ರೈಲು ಹಳಿಯ ಪಕ್ಕದ ಹೆಂಚಿನ ಮನೆ. ಅಪ್ಪ ಹಳಿ ರಿಪೇರಿ ಮಾಡುವ ಕೆಲಸದಲ್ಲಿದ್ದರು. ನನಗೆ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಅಕ್ಕನಿಗೆ ಮೂರ್ಛೆರೋಗವಿತ್ತು. ಅಪ್ಪ ತಿಂಗಳಿಗೊಮ್ಮೆ ರೈಲಿನಲ್ಲಿ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು ಮಾತ್ರೆ ತರುತ್ತಿದ್ದರು. ಊಟವಾದ ಮೇಲೆ ಅಮ್ಮ ಅದನ್ನು ಬೆಲ್ಲದ ಚೂರಿನ ಜೊತೆ ಅಕ್ಕನಿಗೆ ಕೊಡುತ್ತಿದ್ದಳು. ಬೆಲ್ಲದಾಸೆಗೆ ನನಗೂ ಮೂರ್ಛೆ ಬರಲಿ ಎಂದು ಬೇಡಿಕೊಂಡವಳು ನಾನು!

ಆ ವರ್ಷ ನಮ್ಮ ಚರ್ಚಿನ ಹೊಸ ಉಪದೇಶಿಯೊಬ್ಬರು ಮನೆಮನೆಗೆ ಬಂದು ಪ್ರಾರ್ಥನೆ ನಡೆಸಲು ಶುರು ಮಾಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಟ್ಟಿ ದನಿ. ಅಕ್ಕನನ್ನು ನೋಡಿದ್ದೇ ತಡ, ಇದು ರೋಗವಲ್ಲ, ಒಳಗೆ ಸೈತಾನ ಕೂತಿದ್ದಾನೆ ಎಂದರು. ಮಾತ್ರೆ ನುಂಗುವುದು ದೇವರನ್ನು ನಂಬದವರ ಕೆಲಸವಂತೆ. ಅಮ್ಮ ಹೆದರಿ, ಅಪ್ಪನಿಗೆ ಹೇಳದೆ ಮಾತ್ರೆಗಳನ್ನೆಲ್ಲ ಬಚ್ಚಲ ಒಲೆಗೆ ಸುರಿದಳು. ಮೂರು ದಿನ ಅಕ್ಕನಿಗೆ ಬರಿಯ ಬೆಲ್ಲ ಕೊಟ್ಟಳು.

ನಾಲ್ಕನೆಯ ದಿನ ಶುಕ್ರವಾರ. ಅಪ್ಪ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಹೆಂಚಿನಡಿ ವಿಪರೀತ ಸೆಕೆ, ತಲೆಗೆ ಸೆರಗು ಹೊದ್ದ ಹೆಂಗಸರ ಕೊಬ್ಬರಿ ಎಣ್ಣೆಯ ವಾಸನೆ. ಪಕ್ಕದ ಮನೆಯಿಂದ ಹುರುಳಿ ಸಾರಿನ ಒಗ್ಗರಣೆಯ ಘಮ ಬಂದು ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಅಕ್ಕನನ್ನು ಚಾಪೆಯ ನಡುವೆ ಕೂರಿಸಿದ್ದರು. ಬೆಳಗಿನಿಂದ ಅವಳಿಗೆ ತೊಟ್ಟು ನೀರೂ ಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು. "ನೋಡ್ರಮ್ಮಾ, ಈಚೆಗೆ ಬರ್ತಾ ಇದ್ದಾನೆ!" ಎಂದು ಉಪದೇಶಿ ಕೂಗಿದರು. ಇಬ್ಬರು ಹೆಂಗಸರು ಅವಳ ಭುಜ ಅದುಮಿ ಹಿಡಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಆಮೇಲೆ ಉಪದೇಶಿ ನನ್ನನ್ನು ಕರೆದರು. "ಚಿಕ್ಕಮಕ್ಕಳ ಪ್ರಾರ್ಥನೆಗೆ ಶಕ್ತಿ ಜಾಸ್ತಿ. ತಲೆ ಮೇಲೆ ಕೈಯಿಟ್ಟು ಗದರಿಸಮ್ಮ" ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಹೆಮ್ಮೆಯಾಯಿತು. ಅಕ್ಕನ ಬೆವೆತ ತಲೆಯ ಮೇಲೆ ಕೈಯಿಟ್ಟು, ಉಪದೇಶಿಯ ದನಿಯಲ್ಲೇ "ತೊಲಗು ಸೈತಾನನೇ!" ಎಂದು ಮೂರು ಸಲ ಕಿರುಚಿದೆ. ಅಕ್ಕ ನಿಧಾನವಾಗಿ ಕಣ್ಣು ಬಿಟ್ಟಳು. ನಾಲಿಗೆ ಕಚ್ಚಿಕೊಂಡು ರಕ್ತ ಬರುತ್ತಿತ್ತು.

"ನಾನು ಕಣೇ" ಎಂದಳು.

ಊಟಕ್ಕೆಂದು ಬಂದ ಅಪ್ಪ ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಕೆಂಡದಂತಾಗಿತ್ತು. "ಸೈತಾನ ಇದ್ದಾನೆ ಉಪದೇಶಿಗಳೇ, ನಾನೇನು ಇಲ್ಲ ಅನ್ನಲ್ಲ. ಎದುರಿಸಿ ಅಂತ ದೇವರು ಹೇಳಿರೋದು ಅವನನ್ನ. ನನ್ನ ಮಗಳನ್ನಲ್ಲ. ಏಳ್ರಿ ಮೇಲೆ!" ಎಂದರು. ಅಕ್ಕನ ಬಾಯಿ ಒರೆಸಿ, ಎತ್ತಿಕೊಂಡು ಮಧ್ಯಾಹ್ನದ ರೈಲಿಗೆ ಓಡಿದರು.

ಸಂಜೆ ಅವರು ಮಾತ್ರೆಯೊಂದಿಗೆ ಮರಳಿದರು. ಎಂದಿನಂತೆ ಎಲ್ಲರನ್ನೂ ಪ್ರಾರ್ಥನೆಗೆ ಕೂರಿಸಿ, ಮೊದಲು ಅಕ್ಕನ ಹತ್ತಿರ ಕ್ಷಮೆ ಕೇಳಬೇಕು, ಆಮೇಲೆ ದೇವರ ಹತ್ತಿರ ಎಂದರು. ಅಮ್ಮ ಅತ್ತು ಕೇಳಿದಳು. ನಾನೂ ಕೇಳಿದೆ. ಆ ಉಪದೇಶಿ ಮಾತ್ರ ಎಂದೂ ಕೇಳಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಸೈತಾನನ ಕುತಂತ್ರಗಳ ಬಗ್ಗೆ ಒಂದು ಗಂಟೆ ಪ್ರಸಂಗ ಮಾಡಿದರು. ನಾಚಿಕೆಗೆಟ್ಟ ಮನುಷ್ಯ!

ಅಕ್ಕ ನಮ್ಮನ್ನು ಕ್ಷಮಿಸಿದಳು. ಆದರೆ ಆಮೇಲೆ ಬದುಕಿದ್ದಷ್ಟು ಕಾಲ ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡಿದಳು. ಯಾರ ಕೈ ಹತ್ತಿರ ಬರುತ್ತದೋ ಎಂದು ನೋಡುತ್ತಿದ್ದಳು.

ಈಗ ಆ ಮನೆಯಿದ್ದ ಜಾಗದಲ್ಲಿ ಕಂಪನಿಯ ಗಾಜಿನ ಕಟ್ಟಡವಿದೆ. ಯಾರಿಗಾದರೂ ಮೂರ್ಛೆ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕೆಂದು ನಿಮ್ಮ ಮಿಸ್ ಹೇಳಿಕೊಟ್ಟಿದ್ದಾರೆ. ಆದರೂ ಮೊನ್ನೆ ನಿಮ್ಮ ಮೊಬೈಲಿನಲ್ಲಿ ಯಾವನೋ ಒಂದು ಹುಡುಗಿಯ ತಲೆ ಹಿಡಿದು ಸೈತಾನನೇ ಎಂದು ಅರಚುತ್ತಿದ್ದ, ನೀವು ನಗುತ್ತಿದ್ದಿರಿ. ನಾನು ಮೊಬೈಲ್ ಕಿತ್ತುಕೊಂಡದ್ದು ಅದಕ್ಕೇ. ದಿನವೂ ಸಂಜೆ ನೀವು ಎಷ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುತ್ತೀರಿ! ಅಕ್ಕನಿಂದ ಆ ನೆಮ್ಮದಿಯನ್ನು ಕಸಿದುಕೊಂಡವನು ಸೈತಾನನೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ. ಕೈ ನನ್ನದಾಗಿತ್ತು.