ಗೊಂಬೆ ಫ್ಯಾಕ್ಟರಿಯಲ್ಲಿ ನನ್ನ ಬೀಳ್ಕೊಡುಗೆ

ಕಳೆದ ವಾರ ನನ್ನ ಬೀಳ್ಕೊಡುಗೆ ಆಯಿತು. ಬೀಳ್ಕೊಡಬೇಕಾದವರು ಒಬ್ಬರೂ ಬಂದಿರಲಿಲ್ಲ.

ಬಿಡಿಸಿ ಹೇಳುತ್ತೇನೆ. ಮಕ್ಕಳ ಕಾರ್ಟೂನ್ ಕಾಮಿಡಿಯೊಂದಕ್ಕೆ ನಾನು ಕನ್ನಡದಲ್ಲಿ ದನಿ ಕೊಡುತ್ತೇನೆ. ಕಥೆ ನಡೆಯುವುದು ಗೊಂಬೆ ಫ್ಯಾಕ್ಟರಿಯಲ್ಲಿ. ಕಣ್ಣು ಅಂಟಿಸುವವನೊಬ್ಬ, ಹತ್ತಿ ತುಂಬುವವನೊಬ್ಬ, ಸದಾ ನಿದ್ದೆ ಹೊಡೆಯುವ ಮ್ಯಾನೇಜರ್. ನಾನು ಚೆಕಿಂಗ್ ಮೇಡಂ. ಪ್ರತಿ ಗೊಂಬೆಯ ಹೊಟ್ಟೆ ಒತ್ತಿ, ಅದು ಕೀಂಯ್ ಎನ್ನದಿದ್ದರೆ ಜಗಳ ತೆಗೆಯುವವಳು. (ಕಾಲೇಜಿನಲ್ಲಿ ಡಿಬೇಟ್ ಮಾಡಿಕೊಂಡಿದ್ದವಳಿಗೆ ಇನ್ನೆಂಥ ಪಾತ್ರ ಸಿಗುತ್ತದೆ ಹೇಳಿ?)

ಆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿಂತ ನಗುವೇ ಜಾಸ್ತಿ. ಒಬ್ಬರ ಊಟದ ಡಬ್ಬಿಗೆ ಇನ್ನೊಬ್ಬರ ಕೈ. ಆದರೆ ಆ ನಗು ತಯಾರಾಗುವುದು ಹೇಗೆ ಗೊತ್ತೇ? ಹೊನ್ನಾಳಿಯ ಬಾಡಿಗೆ ರೂಮಿನಲ್ಲಿ ಫ್ಯಾನ್ ಆಫ್ ಮಾಡಿ, ಸದ್ದು ಬರಬಾರದೆಂದು ತಲೆ ತುಂಬ ಕಂಬಳಿ ಹೊದ್ದು, ಮೈಕಿನ ಮುಂದೆ ನಾನೊಬ್ಬಳೇ ಹ್ಹಹ್ಹಹ್ಹ ಎನ್ನಬೇಕು. ಉಳಿದವರು ಅವರವರ ಊರಲ್ಲಿ, ಅವರವರ ಕಂಬಳಿಯಲ್ಲಿ. ಆಮೇಲೆ ಯಾರೋ ಎಲ್ಲವನ್ನೂ ಜೋಡಿಸುತ್ತಾರೆ. ಇಷ್ಟು ದಿನ ಜಗಳವಾಡಿದ ಸಹೋದ್ಯೋಗಿಗಳಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಮನೆಯಿಂದ ಕೆಲಸ ಎಂದರೆ ಸ್ವಾತಂತ್ರ್ಯ ಎಂದು ವಾದಿಸುವವರೇ, ಎದುರಾಳಿಯೇ ಇಲ್ಲದ ಜಗಳ ಆಡಿ ನೋಡಿದ್ದೀರಾ?

ಈಗ ಕಥೆಯಲ್ಲಿ ನನ್ನ ಪಾತ್ರ ಮುಗಿಯಿತು. ಮೇಡಂಗೆ ಬೇರೆ ಫ್ಯಾಕ್ಟರಿಗೆ ಟ್ರಾನ್ಸ್‌ಫರ್. ಎಲ್ಲರೂ ಸುತ್ತ ನಿಂತು ಬೀಳ್ಕೊಡುವ ದೃಶ್ಯ. ಇದೊಂದನ್ನಾದರೂ ಒಟ್ಟಿಗೆ ಸೇರಿ ರೆಕಾರ್ಡ್ ಮಾಡೋಣ, ಎಲ್ಲಿಗೆ ಕರೆದರೂ ನಾನೇ ಬರುತ್ತೇನೆ ಎಂದು ಡೈರೆಕ್ಟರನ್ನು ಕೇಳಿದೆ.

"ಅದರ ಅವಶ್ಯಕತೆ ಇಲ್ಲ ಮೇಡಂ."

ವಾದದಲ್ಲಿ ನಾನು ಸೋತದ್ದು ಕಡಿಮೆ. ಆದರೆ ಇಂಥ ಅವಶ್ಯಕತೆಯನ್ನು ಸಾಬೀತು ಮಾಡುವುದು ಹೇಗೆ?

ರೆಕಾರ್ಡಿಂಗಿಗೆ ಮುಂಚೆ, ಉಳಿದವರು ಕಳಿಸಿದ್ದ ದನಿಗಳನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿಕೊಂಡು ಕೇಳಿದೆ. ಮುಗಿಯುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಓನರ್ ಗಿರಿಜಕ್ಕ. ಕೈಯಲ್ಲಿ ತಟ್ಟೆ, ತಟ್ಟೆ ತುಂಬ ಟೀ ಲೋಟ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಅವರ ಪ್ರಕಾರ ಅಪರಾಧ.

"ಎಲ್ಲೇ ನಿನ್ನ ಮಂದಿ? ಈಗಿನ್ನೂ ನಗಾಡ್ತಿದ್ರಲ್ಲೇ!"

"ಯಾರೂ ಇಲ್ಲಕ್ಕ. ಸ್ಪೀಕರು."

ಬಗ್ಗಿ ಮಂಚದ ಕೆಳಗೂ ನೋಡಿದರು. (ವಾದಕ್ಕೆ ಸಾಕ್ಷಿ ಬೇಕಲ್ಲ.) "ಇಲ್ಲದ ಮಂದಿಗೆ ಅರ್ಧ ಲೀಟರ್ ಹಾಲು ಸುರಿಸಿದೆಯಲ್ಲೇ ನಮ್ಮವ್ವ!"

ನಗುತ್ತಲೇ ವಿಷಯ ಹೇಳಿದೆ. ಅವರು ನಗಲಿಲ್ಲ.

"ಬರ್ತೀನಿ ಅಂತ ಹೇಳಾಕೆ ಎದುರಿಗೆ ಒಬ್ರಾದ್ರೂ ಬ್ಯಾಡ್ವೇನೇ? ಒಬ್ಬಾಕೆನೇ ಹೆಂಗೆ ಹೇಳ್ತೀ? ನಡಿ, ನಾನು ಕೂರ್ತೀನಿ."

ಮಂಚದ ಮೇಲೆ ಕೂತೇಬಿಟ್ಟರು.

ಕಂಬಳಿ ತೆಗೆದೆ. ಅವರ ಮುಖ ನೋಡಿಕೊಂಡೇ ಡೈಲಾಗ್ ಹೇಳಿದೆ: "ನಾಳೆಯಿಂದ ನಿಮ್ಮ ತಪ್ಪು ಹುಡುಕೋರು ಯಾರೂ ಇರಲ್ಲ. ಜೋಪಾನ." ಗಿರಿಜಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಒಂದೇ ಟೇಕ್.

ಮರುದಿನ ಡೈರೆಕ್ಟರ್ ಫೋನ್. "ಸೂಪರ್ ಮೇಡಂ. ಇಷ್ಟು ಚೆನ್ನಾಗಿ ನೀವು ಯಾವತ್ತೂ ಮಾಡಿಲ್ಲ. ಆದ್ರೆ ರೂಮಲ್ಲಿ ಇನ್ಯಾರೋ ಇರೋ ಸದ್ದು ಬಂದಿದೆ. ಯಾರೂ ಇಲ್ಲದಾಗ ಇನ್ನೊಂದ್ಸಲ ಕೊಡಿ."

ಯಾರೂ ಇಲ್ಲದಾಗ ಹೋಗಿ ಬರ್ತೀನಿ ಅನ್ನೋದು ಯಾರಿಗೆ, ಸರ್?